ಎರಡು ಕಬ್ಬಿಣದ ಕಾಲು, ಏಳು ಬಿಸಿಲು

ನಮ್ಮ ಕಾರವಾರದ ಕೋಡಿಬಾಗದಲ್ಲಿ ಕಾರು ಇಟ್ಟುಕೊಳ್ಳುವುದೆಂದರೆ ತುಕ್ಕಿಗೆ ಎರಡು ಹೊತ್ತು ಊಟ ಹಾಕಿ ಸಾಕಿದ ಹಾಗೆ. ಒಂದು ಕಡೆ ಕಾಳಿ ಹೊಳೆ, ಇನ್ನೊಂದು ಕಡೆ ಸಮುದ್ರ. ನಡುವೆ ಬೀಸುವ ಗಾಳಿಗೆ ಉಪ್ಪು ಹೊರುವುದನ್ನು ಬಿಟ್ಟು ಬೇರೆ ಉದ್ಯೋಗವಿಲ್ಲ. ಅದು ಕಿಟಕಿಯ ಸರಳನ್ನು ತಿಂದಿತು, ಗೇಟಿನ ಚಿಲಕವನ್ನು ತಿಂದಿತು, ಆಮೇಲೆ ನಾನು ಕಾರು ತಂದೆ.

ತರುವ ಹುಚ್ಚು ನನಗಿರಲಿಲ್ಲ. ಹೊಸ ಶತಮಾನ ಶುರುವಾಗಿ ಮೂರು ನಾಲ್ಕು ವರ್ಷವಾಗಿತ್ತು. ನಾನು ಅಂಕೋಲೆಯ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಹೋಗಿ, ದಿನವಿಡೀ ತರಗತಿಯಲ್ಲಿ ನಿಂತು, ಸಂಜೆ ಮತ್ತೆ ಬಸ್ಸಿನಲ್ಲಿ ನಿಂತು ಬರುವ ಬದುಕು. ಐವತ್ತು ದಾಟಿದ ಮೇಲೆ ಮೊಣಕಾಲು ಒಂದು ದಿನ ಸ್ಪಷ್ಟವಾಗಿ ರಾಜೀನಾಮೆ ಕೊಟ್ಟಿತು. ಅಣುಸ್ಥಾವರದವರ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿದ್ದ ಉತ್ತರದ ಕಡೆಯ ಇಂಜಿನಿಯರೊಬ್ಬರಿಗೆ ವರ್ಗವಾಗಿ, ಅವರು ತಮ್ಮ ಸಣ್ಣ ಬಿಳಿ ಕಾರನ್ನು ಮಾರುತ್ತಾರೆಂದು ತಿಳಿಯಿತು. ಹೋಗಿ ನೋಡಿದೆ. ನೋಡಿದ್ದು ಮೇಲಿನಿಂದ ಮಾತ್ರ. ಕೆಳಗಿನಿಂದ ನೋಡಬೇಕೆಂದು ಆಗ ನನಗೆ ತಿಳಿದಿರಲಿಲ್ಲ.

ಕಾರಿನ ಜೊತೆ ಅವರು ಎರಡು ಕಬ್ಬಿಣದ ಸ್ಟ್ಯಾಂಡುಗಳನ್ನೂ ಕೊಟ್ಟರು. ನಾಲ್ಕು ಕಾಲು ಅಗಲಿಸಿ ಕೂತ ಪುಟ್ಟ ಗೋಪುರದಂತಹವು. ನಡುವಿನ ಕಂಬವನ್ನು ಬೇಕಾದಷ್ಟು ಎತ್ತರಿಸಿ ಪಿನ್ನು ತೂರಿಸಿದರೆ ಆಯಿತು. ಕಾರಿಗಿಂತ ಇವುಗಳನ್ನು ಜೋಪಾನ ಮಾಡಿ ಎಂದು ಅವರು ಹಿಂದಿಯಲ್ಲಿ ಹೇಳಿದರು. ಹೇಳಿದ್ದು ಸಾಲದೆಂದು ಒಂದು ಹಾಳೆಯಲ್ಲಿ ಬರೆದೂ ಕೊಟ್ಟರು. ಜ್ಯಾಕ್ ಇರುವುದು ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕಲ್ಲ. ನೆಲ ಗಟ್ಟಿಯಾಗಿ ಮಟ್ಟಸವಾಗಿರಬೇಕು. ನೆಲದ ಮೇಲೆ ಉಳಿದ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಬೇಕು. ಕಾರು ಸ್ಟ್ಯಾಂಡಿನ ಮೇಲೆ ಕೂತಮೇಲೆ, ಕೆಳಗೆ ಹೋಗುವ ಮೊದಲು, ಅದನ್ನು ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಬೇಕು. ಬೀಳುವುದಿದ್ದರೆ ಆಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಮೂಲೆಗೆ ಒರಗಿಸದೆ ಕಾರಿನ ಅಡಿಗೆ ಮಲಗಿಸಿಡಬೇಕು. ಹಾಳೆಯ ಕೊನೆಗೆ ಅವರು ಸಹಿ ಹಾಕಿದ್ದರು. ಸಹಿ ಇದ್ದುದರಿಂದ ನಾನು ಅದನ್ನು ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿಟ್ಟೆ.

ಕಾರಿನ ತಳ ನೋಡಿಕೊಂಡವರು ಪಕ್ಕದ ಮನೆಯವರು. ದೋಣಿ ನಡೆಸುವ ಮುಖ್ಯಸ್ಥನಿಗೆ ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ಅವರು ಮೂವತ್ತು ವರ್ಷ ತಾಂಡೇಲರಾಗಿ ಕಡಲಿಗೆ ಹೋಗಿ, ಈಗ ಮಗನಿಗೆ ದೋಣಿ ಬಿಟ್ಟುಕೊಟ್ಟು ಮನೆಯಲ್ಲಿ ಕೂತಿದ್ದರು. ಆದರೂ ಕೇರಿಗೆಲ್ಲ ಅವರು ತಾಂಡೇಲರೇ. ಒಣಗಿದ ಬಂಗಡೆಯಷ್ಟು ತೆಳ್ಳಗಿನ ಮೈ, ಮಾತು ಅದಕ್ಕಿಂತ ಒಣ. ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆ ಎಳೆದು ಕೂರಿಸುವಾಗ ಯಾವ ಆನಿಕೆ ಎಲ್ಲಿ ಕೊಡಬೇಕೆಂದು ಹೇಳಲು ಈಗಲೂ ಅವರನ್ನೇ ಕರೆಯುತ್ತಿದ್ದರು. ಅವರ ದೃಷ್ಟಿಯಲ್ಲಿ ಕಾರೆಂದರೆ ತಳದಲ್ಲಿ ತೂತಿರುವ, ಆದ್ದರಿಂದಲೇ ನೀರಿಗೆ ಬಿಡಲಾಗದ ಒಂದು ದೋಣಿ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ, ಮಳೆ ಬೀಳುವ ಮೊದಲು, ಅದರ ತಳ ಕೆರೆದು ಕಪ್ಪು ಬಣ್ಣ ಹಚ್ಚುವುದನ್ನು ಅವರು ತಾವಾಗಿ ವಹಿಸಿಕೊಂಡರು. ನಾನು ಹೊರಗೆ ಕೂತು ನಟ್ಟು ಬಿಚ್ಚುವ ಪಾನಾ ಕೊಡುವುದು, ಅವರು ಒಳಗೆ ಮಲಗಿ ನನ್ನ ಕಾರನ್ನು ಬೈಯುವುದು. ಗ್ಯಾರೇಜಿಗೆ ಒಯ್ದರೆ ಈ ಎರಡನೆಯದು ಸಿಗುವುದಿಲ್ಲ.

ಮೊದಲ ಎರಡು ವರ್ಷ ಎಲ್ಲವೂ ಶಾಸ್ತ್ರೋಕ್ತವಾಗಿ ನಡೆಯಿತು. ನಾನು ಟ್ರಂಕಿನಿಂದ ಹಾಳೆ ತೆಗೆದು ಗಟ್ಟಿಯಾಗಿ ಓದುತ್ತಿದ್ದೆ. ಪೂಜೆ ಮುಗಿಯಿತೇ, ತೀರ್ಥ ಉಂಟೋ ಎಂದು ತಾಂಡೇಲರು ಕೇಳುತ್ತಿದ್ದರು. ಆಮೇಲೆ ಸ್ಟ್ಯಾಂಡಿನ ಮೇಲೆ ಕೂತ ಕಾರನ್ನು ಇಬ್ಬರೂ ಸೇರಿ ಅಲುಗಾಡಿಸಿ, ಅವರು ಒಳಗೆ ಹೋಗುತ್ತಿದ್ದರು.

ಮೂರನೆಯ ವರ್ಷ ಮುರುಗಲು ಬಂತು.

ನನ್ನ ಹೆಂಡತಿಯ ತವರು ಅಂಕೋಲೆಯ ಹತ್ತಿರದ ಹಳ್ಳಿ. ಅಲ್ಲಿಂದ ಪ್ರತಿ ವರ್ಷವೂ ಒಂದು ಬುಟ್ಟಿ ಮುರುಗಲ ಹಣ್ಣು ಬರುತ್ತಿತ್ತು. ಆ ವರ್ಷ ಮೂರು ಚೀಲ ಬಂತು. ವರ್ಷವಿಡೀ ಸಾರಿನ ಹುಳಿಗಾಗುವ ಮುರುಗಲ ಸಿಪ್ಪೆ ಒಣಗಿಸುವುದೆಂದರೆ ಹರಡಿ ಮರೆತುಬಿಡುವ ಕೆಲಸವಲ್ಲ. ಸಿಪ್ಪೆಯನ್ನು ಅದರದೇ ರಸದಲ್ಲಿ ಉಪ್ಪು ಹಾಕಿ ಅದ್ದಬೇಕು, ಬಿಸಿಲಿಗಿಡಬೇಕು, ಮರುದಿನ ಮತ್ತೆ ಅದ್ದಬೇಕು. ನಮ್ಮ ಮನೆಯ ಲೆಕ್ಕದಲ್ಲಿ ಏಳು ಬಿಸಿಲು. ಅವಳು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಏಳು ಎಂದರೆ ಆರೂವರೆ ಆಗುವ ಮನುಷ್ಯಳಲ್ಲ. ನೆಲದ ಮೇಲಿಟ್ಟರೆ ಇರುವೆ, ಕೋಳಿ. ಅವಳು ಅಂಗಳವನ್ನೆಲ್ಲ ಕಣ್ಣಾಡಿಸಿ ನೋಡಿ, ಶೆಡ್ಡಿನಿಂದ ನನ್ನ ಎರಡು ಸ್ಟ್ಯಾಂಡು ತಂದು, ಮೇಲೆ ಹಳೆಯ ಬಾಗಿಲಿನ ಹಲಗೆ ಹಾಸಿದಳು. ಎಂಟು ಕಬ್ಬಿಣದ ಕಾಲುಗಳಿಗೆ ಎಂಟು ತೆಂಗಿನ ಕರಟ, ಕರಟದ ತುಂಬ ನೀರು. ಇರುವೆ ದಡದಲ್ಲೇ ನಿಂತು ವಾಪಸು ಹೋಗುತ್ತಿದ್ದವು. ನಾನು ಮನಸ್ಸಿನಲ್ಲೇ ತಲೆಬಾಗಿದೆ. ಆ ಸ್ಟ್ಯಾಂಡುಗಳು ಹುಟ್ಟಿದ್ದೇ ಇದಕ್ಕೇನೋ ಎನ್ನುವ ಹಾಗೆ ನಿಂತಿದ್ದವು.

ಮೂರನೆಯ ಬಿಸಿಲಿನ ದಿನ, ರಜೆಯಲ್ಲೂ ಶಾಲೆಯ ಏನೋ ಕೆಲಸಕ್ಕೆ ಹೋಗಿ ಅಂಕೋಲೆಯಿಂದ ಬರುವಾಗ ಕಾರಿನ ಸೈಲೆನ್ಸರ್ ಕಳಚಿ ನೇತಾಡಿತು. ಹೆದ್ದಾರಿಯ ಮೇಲೆ ಅದು ಎಬ್ಬಿಸಿದ ಸದ್ದಿಗೆ ಒಂದೆರಡು ಕಡೆ ಜನ ಮನೆಯಿಂದ ಹೊರಗೆ ಬಂದು ನೋಡಿದರು. ಮನೆಗೆ ಬಂದಾಗ ತಾಂಡೇಲರು ಗೇಟಿನಲ್ಲೇ ನಿಂತಿದ್ದರು. ನಾಳೆ ಬೆಳಿಗ್ಗೆ ಬಿಚ್ಚುವ, ತಳಕ್ಕೆ ಬಣ್ಣವನ್ನೂ ಹಚ್ಚುವ, ಆಮೇಲೆ ನಾನು ದೋಣಿ ಎಳೆಯಲು ಹೋಗಬೇಕು, ಬಿಡುವಿಲ್ಲ ಎಂದರು. ಪಶ್ಚಿಮದಲ್ಲಿ ಆಗಲೇ ಮೋಡ ಕೂತಿತ್ತು.

ಸ್ಟ್ಯಾಂಡು ಕೇಳಲು ಒಳಗೆ ಹೋದೆ. ಕೇಳಿದೆ ಎನ್ನುವುದಕ್ಕಿಂತ, ವಿಷಯದ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಅವಳು ರಸದ ಪಾತ್ರೆಯಿಂದ ತಲೆ ಎತ್ತಲಿಲ್ಲ.

"ಇನ್ನೂ ನಾಲ್ಕು ಬಿಸ್ಲು ಬೇಕು. ಈಗ ಅದ್ನ ಮುಟ್ಟೂದು ಬೇಡ" ಎಂದಳು.

ಅವಳಿಗೆ ಕಾರಿನ ಕೆಳಗಿನ ಸಂಗತಿ ಏನೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹಾಳೆ ನನ್ನ ಟ್ರಂಕಿನಲ್ಲಿತ್ತು. ಹಲಗೆ ಇಳಿಸಿ, ಮುರುಗಲನ್ನು ಚಾಪೆಗೆ ಹಾಕು, ಇದು ಒಬ್ಬ ಮನುಷ್ಯನ ಜೀವದ ಪ್ರಶ್ನೆ ಎಂದು ಹೇಳಿದ್ದರೆ ಅವಳು ಒಂದು ಮಾತೂ ಆಡದೆ ಇಳಿಸುತ್ತಿದ್ದಳು. ಅಷ್ಟು ಹೇಳುವ ಚೈತನ್ಯ ಇರಲಿಲ್ಲ. ಇಡೀ ವರ್ಷ ಮಕ್ಕಳಿಗೆ ಹೇಳಿ ಹೇಳಿ, ರಜೆಯಲ್ಲಿ ಯಾರಿಗೂ ಏನನ್ನೂ ಎರಡನೆಯ ಸಲ ಹೇಳಲಾರದ ಒಂದು ಆಯಾಸ ನನ್ನನ್ನು ಹಿಡಿದುಕೊಳ್ಳುತ್ತಿತ್ತು. ಸರಿ ಎಂದು ಹೊರಗೆ ಬಂದೆ.

ಮರುದಿನ ಬೆಳಿಗ್ಗೆ ತಾಂಡೇಲರಿಗೆ ಸಂಗತಿ ಹೇಳಿದೆ. ಅವರು ಹಲಗೆಯ ಕಡೆ ನೋಡಿದರು, ಕರಟಗಳನ್ನು ನೋಡಿದರು. ಕಂಪೌಂಡು ಕಟ್ಟಿ ಉಳಿದ ಚೀರೆಕಲ್ಲುಗಳು ನಲ್ಲಿಯ ಪಕ್ಕ ಬಿದ್ದಿದ್ದವು. ಅದನ್ನು ತೋರಿಸಿ, ಕಾರವಾರದ ಮನೆಗಳೆಲ್ಲ ಯಾವುದರ ಮೇಲೆ ನಿಂತಿವೆ ಮಾಸ್ತರೇ ಎಂದು ಕೇಳಿದರು. ನಿಜವೇ. ನನ್ನ ಮನೆ, ಅವರ ಮನೆ, ಶಾಲೆ, ದೇವಸ್ಥಾನ, ಎಲ್ಲವೂ ಆ ಕೆಂಪು ಕಲ್ಲಿನ ಮೇಲೇ ನಿಂತಿವೆ. ಎರಡು ಮಹಡಿ ಹೊರುವ ಕಲ್ಲು ಒಂದು ಸಣ್ಣ ಕಾರನ್ನು ಹೊರದೇ? ಈ ತರ್ಕದಲ್ಲಿ ತಪ್ಪು ಎಲ್ಲಿದೆ ಎಂದು ಆಗ ನನಗೆ ಹೊಳೆಯಲಿಲ್ಲ. ಗೋಡೆಯ ಭಾರ ಕಲ್ಲಿನ ಮೈತುಂಬ ಹರಡಿ ಕೂರುತ್ತದೆ. ಕಾರು ಕೂರುವುದು ಬಾಗಿಲ ಕೆಳಗಿನ ತಗಡಿನ ಒಂದು ಅಂಚಿನ ಮೇಲೆ. ಅದು ಕಲ್ಲಿನ ತಲೆಯ ಮೇಲಿಟ್ಟ ಉಳಿ. ಮೇಲಾಗಿ ಆ ಕಲ್ಲುಗಳು ನಲ್ಲಿಯ ನೀರು ಕುಡಿದು ಕುಡಿದು ಮೆತ್ತಗಾಗಿದ್ದವು.

ಎಡಗಡೆಯ ಹಿಂದಿನ ಚಕ್ರದ ನಟ್ಟುಗಳನ್ನು ಸಡಿಲಿಸಿ, ಅಂಗಳದ ಮರಳಿನ ಮೇಲೆಯೇ ಜ್ಯಾಕ್ ಕೊಟ್ಟು ಎತ್ತಿದೆವು. ಮುಂದಿನ ಚಕ್ರಗಳಿಗೆ ಕಲ್ಲಿನ ಅಡ್ಡ ಕೊಟ್ಟೆ. ಚಕ್ರ ಬಿಚ್ಚಿದೆವು. ಎರಡು ಚೀರೆಕಲ್ಲು ಒಂದರ ಮೇಲೊಂದು ನಿಲ್ಲಿಸಿದಾಗ ಎತ್ತರ ಸರಿಯಾಗಿ ಅಂಚಿಗೆ ಬಂತು. ಅಷ್ಟೇ ಸರಿಯಾಗಿ, ಮಧ್ಯೆ ಇನ್ನೇನೂ ಹಿಡಿಸದಷ್ಟು. ದೋಣಿ ಕೂರಿಸುವಾಗ ತಾಂಡೇಲರು ಆನಿಕೆಗೂ ದೋಣಿಗೂ ನಡುವೆ ಒಂದು ಮರದ ತುಂಡು ಇಡದೆ ಬಿಟ್ಟದ್ದನ್ನು ನಾನು ಕಂಡಿಲ್ಲ. ಇವತ್ತೂ ತುಂಡು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು. ಜ್ಯಾಕ್ ಕೊನೆಯ ಸುತ್ತಿಗೆ ಬಂದಿತ್ತು, ಇನ್ನು ಎತ್ತುತ್ತಿರಲಿಲ್ಲ. ಅವರು ಕಲ್ಲನ್ನೊಮ್ಮೆ, ತುಂಡನ್ನೊಮ್ಮೆ ನೋಡಿ, ತುಂಡನ್ನು ಪಕ್ಕಕ್ಕೆ ಎಸೆದರು. ಕಾರನ್ನು ಕಲ್ಲಿನ ಮೇಲೆ ಇಳಿಸಿ, ಭುಜಕ್ಕೆ ಅಡ್ಡ ಬರುತ್ತದೆಂದು ಜ್ಯಾಕನ್ನೂ ಎಳೆದು ಹೊರಗೆ ಹಾಕಿದರು.

ಈಗ ನನ್ನ ಸರದಿ. ಅಲುಗಾಡಿಸಬೇಕು. ನಾನು ಕಾರಿನ ಬೆನ್ನಿನ ಮೇಲೆ ಅಂಗೈ ಇಟ್ಟು, ಹಾಲು ಕೊಡುವ ಎಮ್ಮೆಯನ್ನು ಸವರುವಂತೆ ಒಮ್ಮೆ ಸವರಿದೆ. ಜೋರಾಗಿ ಅಲುಗಾಡಿಸಲಿಲ್ಲ. ಅಲುಗಾಡಿಸಿದರೆ ಬಿದ್ದುಬಿಟ್ಟೀತೆಂಬ ಹೆದರಿಕೆ. ಬಿದ್ದರೆ ಮತ್ತೆ ಒಳಗೆ ಹೋಗಿ ಸ್ಟ್ಯಾಂಡು ಕೇಳಬೇಕು. ಇದನ್ನು ಇಷ್ಟು ಸ್ಪಷ್ಟವಾಗಿ ಆಗ ಯೋಚಿಸಿದೆನೇ ಎಂದು ಯಾರಾದರೂ ಕೇಳಿದರೆ, ಹೌದು, ಯೋಚಿಸಿದೆ.

ಬಿಚ್ಚಿದ ಚಕ್ರವನ್ನು ಮಾತ್ರ ಕಾಲಿನಿಂದ ನೂಕಿ, ಬಾಗಿಲ ಅಂಚಿನ ಕೆಳಗೆ ಮಲಗಿಸಿದೆ. ಅದೊಂದಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಇಷ್ಟು ನಿಯಮ ಮುರಿದವನು ಒಂದನ್ನಾದರೂ ಪಾಲಿಸಿದರೆ ಅದಕ್ಕೆ ಶ್ರದ್ಧೆ ಎನ್ನಲಾಗದು. ಹಾಳೆ ಬರೆದವರ ಮುಖ ನೆನಪಾಗಿ ಸ್ವಲ್ಪ ನಾಚಿಕೆಯಾಗಿತ್ತು, ಅಷ್ಟೇ.

ತಾಂಡೇಲರು ಬೆನ್ನಿನ ಮೇಲೆ ಮಲಗಿ ಒಳಗೆ ಸರಿದರು. ನಾನು ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತೆ. ಸೈಲೆನ್ಸರಿನ ಬೋಲ್ಟು ತುಕ್ಕಿನಲ್ಲಿ ಬೆಸೆದುಹೋಗಿತ್ತು. ಸೀಮೆಎಣ್ಣೆ ಬಿಟ್ಟರು, ಕಾದರು, ಪಾನಾ ಹಾಕಿ ಎಳೆದರು. ನನ್ನ ಕಾರಿನ ಹಿಂದಿನ ಒಡೆಯರ ವಂಶದ ಬಗ್ಗೆ ಕೊಂಕಣಿಯಲ್ಲಿ ಏನೋ ಹೇಳಿದರು. ಆಮೇಲೆ ಸುತ್ತಿಗೆ ಕೇಳಿದರು. ಕೊಟ್ಟೆ.

ಮೂರನೆಯ ಪೆಟ್ಟಿಗೋ ನಾಲ್ಕನೆಯ ಪೆಟ್ಟಿಗೋ ಮೇಲಿನ ಕಲ್ಲಿನಿಂದ ಕೆಂಪು ಹುಡಿ ಉದುರಿತು. ಅರಿಸಿನ ಕುಂಕುಮದ ಬಟ್ಟಲು ವಾಲಿದ ಹಾಗೆ, ಮೆಲ್ಲಗೆ. ನೋಡುತ್ತ ಕೂತಿದ್ದೆ. ಇದು ಉದುರಬಾರದಲ್ಲ ಎಂದು ಅನ್ನಿಸುವಷ್ಟರಲ್ಲಿ ಕಲ್ಲು ಎರಡು ಹೋಳಾಗಿತ್ತು. ಸದ್ದು ದೊಡ್ಡದೇನಲ್ಲ. ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲೆ ಹಾಕಿದ ಹಾಗೆ ಕಾರು ಕೂತಿತು. ಚಕ್ರದ ಮೇಲೆ ಕೂತಿತು. ಅಡಿಗೆ ಚಕ್ರ ಇಲ್ಲದಿದ್ದರೆ ನೆಲದ ಮೇಲೆ ಕೂರುತ್ತಿತ್ತು.

"ತಾಂಡೇಲ್ರೇ" ಎಂದೆ.

ಹೊರಗೆ ಚಾಚಿದ್ದ ಎರಡು ಪಾದಗಳು ಅಲುಗಲಿಲ್ಲ. ಆ ಪಾದಗಳ ಹಿಮ್ಮಡಿಯ ಬಿರುಕುಗಳಲ್ಲಿ ಹಳೆಯ ಡಾಂಬರು ಕೂತಿತ್ತು; ಇವತ್ತಿಗೂ ಅದು ನನಗೆ ಒಂದೊಂದಾಗಿ ಕಾಣುತ್ತದೆ. ಎಷ್ಟು ಹೊತ್ತೋ ತಿಳಿಯದು.

"ಇದ್ದೆ" ಎಂಬ ದನಿ ಬಂತು.

ಎದ್ದು ಕಾರಿನ ಅಂಚಿಗೆ ಕೈ ಹಾಕಿದೆ. ಗೇಟಿನಲ್ಲಿ ಯಾರೋ ಇಬ್ಬರು ದಾರಿಹೋಕರೂ ಓಡಿ ಬಂದು ಕೈ ಹಾಕಿದರು. ಒಳಗಿನಿಂದ ಮತ್ತೆ ದನಿ ಬಂತು. ಸಣ್ಣದು, ಆದರೆ ಸಮುದ್ರದಲ್ಲಿ ಹತ್ತು ಜನಕ್ಕೆ ಕೇಳುವ ಹಾಗೆ ಮಾತಾಡಿ ರೂಢಿಯಾದದ್ದು.

"ಯಾರೂ ಎತ್ತೂಕೆ ಬರಬೇಡಿ. ಎತ್ತಿ ಮತ್ತೆ ಬಿಟ್ರೆ ನಾ ಇರೂದಿಲ್ಲ. ಹೆಗಲ ಮೇಲೆ ಕೂತದೆ, ಎದಿ ಮೇಲೆ ಇಲ್ಲ. ಜ್ಯಾಕ್ ತನ್ನಿ. ಅಡಿಗೆ ಹಲಗಿ ಹಾಕಿ, ಇಲ್ದಿದ್ರೆ ಮರಳು ಜ್ಯಾಕ್ ನುಂಗ್ತದೆ."

ಎಲ್ಲರೂ ಕೈ ತೆಗೆದೆವು. ಹಲಗೆ ಎಲ್ಲಿದೆ ಎಂದು ನಾನು ಸುತ್ತ ನೋಡುತ್ತಿದ್ದೆ. ಒಳಗಿನಿಂದ ಇನ್ನೊಂದು ಮಾತು ಬಂತು.

"ಅಕ್ಕೋರ ಹತ್ರ ಕೇಳಿ ಮಾಸ್ತರ್. ಮುರುಗಲಿಗೆ ಇನ್ನೆಷ್ಟು ಬಿಸ್ಲು ಬೇಕಂತೆ?"

ನನ್ನ ಹೆಂಡತಿ ಆಗಲೇ ಜಗುಲಿಯಿಂದ ಇಳಿದಿದ್ದಳು. ಪಾದಗಳನ್ನು ನೋಡಿದಳು, ಒಡೆದ ಕಲ್ಲನ್ನು ನೋಡಿದಳು, ಆಮೇಲೆ ಒಂದು ಕ್ಷಣ ನನ್ನನ್ನು ನೋಡಿದಳು. ನೇರ ಹೋಗಿ ಹಲಗೆಯ ತುದಿ ಹಿಡಿದು ಮಗುಚಿದಳು. ನಾಲ್ಕನೆಯ ಬಿಸಿಲು ಕಾಯುತ್ತಿದ್ದ ಮೂರು ಚೀಲದ ಮುರುಗಲು ಮರಳಿನ ಮೇಲೆ ಬಿತ್ತು. ಕರಟಗಳು ಉರುಳಿದವು. ಕಂಕುಳಲ್ಲಿ ಎರಡು ಸ್ಟ್ಯಾಂಡು ಇರುಕಿಕೊಂಡು, ಹಲಗೆ ಎಳೆದುಕೊಂಡು ಬಂದಳು.

ಹಲಗೆಯ ಮೇಲೆ ಜ್ಯಾಕ್ ಇಟ್ಟು ತಿರುಗಿಸಿದೆ. ಹಿಡಿಕೆ ಎರಡು ಸಲ ಕಳಚಿತು. ದಾರಿಹೋಕರಲ್ಲೊಬ್ಬ ತಾಂಡೇಲರ ಹೆಗಲ ಅಡಿಯ ಮರಳನ್ನು ಕೈಯಿಂದ ಬಾಚಿ ಬಾಚಿ ತೆಗೆದ. ಗಟ್ಟಿ ನೆಲ ಬೇಕೆಂದು ಹಾಳೆಯಲ್ಲಿತ್ತು. ಅವರ ಹೆಗಲಿಗೆ ಎರಡು ಅಂಗುಲ ಜಾಗ ಬಿಟ್ಟುಕೊಟ್ಟದ್ದು ಮಾತ್ರ ಮೆತ್ತಗಿನ ಮರಳು. ಇದರಿಂದ ಯಾವ ನೀತಿ ತೆಗೆಯಬೇಕೆಂದು ನಾನು ಇನ್ನೂ ನಿರ್ಧರಿಸಿಲ್ಲ. ಕಾರು ನಾಲ್ಕು ಬೆರಳು ಎದ್ದಿತು. ಅವಳು ಮೊದಲು ಒಂದು ಸ್ಟ್ಯಾಂಡನ್ನು ಅಂಚಿನ ಕೆಳಗೆ ನೂಕಿ, ಪಿನ್ನು ಕೂತಿತೇ ಎಂದು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ತಾಂಡೇಲರ ಪಾದ ಹಿಡಿದು ಎಳೆದೆವು.

ಎಡ ಹೆಗಲು ನೀಲಿಗಟ್ಟಿತ್ತು. ಮೊಣಕೈ ತರಚಿತ್ತು. ಮುಖದ ತುಂಬ ಕೆಂಪು ಹುಡಿ. ಅವರು ಕೂತು ಒಂದು ತಂಬಿಗೆ ನೀರು ಕುಡಿದರು. ಮನೆಯಲ್ಲಿ ಹೇಳಬೇಡಿ, ಮೆಟ್ಟಿಲಿನಿಂದ ಜಾರಿದೆ ಎನ್ನುತ್ತೇನೆ ಎಂದರು. ನಮ್ಮ ಎರಡೂ ಮನೆಗಳಲ್ಲಿ ಜಾರುವಷ್ಟು ಮೆಟ್ಟಿಲಿಲ್ಲ. ಆಸ್ಪತ್ರೆಯಲ್ಲಿ ಎಲುಬು ಬಿರುಕು ಬಿಟ್ಟಿದೆ ಎಂದು ಕೈಗೆ ಜೋಳಿಗೆ ಕಟ್ಟಿದರು. ಆ ವರ್ಷದ ದೋಣಿಗಳನ್ನು ಅವರು ದಡದಲ್ಲಿ ನಿಂತು, ಒಂದೇ ಕೈ ಬೀಸಿ ಕೂರಿಸಿದರು.

ಮುರುಗಲನ್ನು ನನ್ನ ಹೆಂಡತಿ ಬಾಚಿ, ಏಳೆಂಟು ನೀರಿನಲ್ಲಿ ತೊಳೆದು, ಮತ್ತೆ ಮೊದಲಿನಿಂದ ಒಣಗಿಸಿದಳು, ಈ ಸಲ ಚಾಪೆಯ ಮೇಲೆ. ಇರುವೆ ಬಂದವು. ಮುಂದೆ ವರ್ಷವಿಡೀ ಊಟದಲ್ಲಿ ಆಗೀಗ ಒಂದು ಮರಳ ಕಾಳು ಹಲ್ಲಿಗೆ ಸಿಕ್ಕಿ ಕರಕ್ ಎನ್ನುತ್ತಿತ್ತು. ಇಬ್ಬರೂ ತಟ್ಟೆ ನೋಡಿಕೊಂಡು ಊಟ ಮುಂದುವರಿಸುತ್ತಿದ್ದೆವು. ಒಂದೇ ಒಂದು ಸಲ, ಅದೂ ಬೇರೇನೋ ಮಾತಿನ ಮಧ್ಯೆ, ಅವಳು ಕೇಳಿದಳು: "ನನ್ನ ಹತ್ರ ಹೇಳೂಕೆ ನಿಮಗೆಂತ ಆಗಿತ್ತು?" ನನಗೆ ಏನೂ ಆಗಿರಲಿಲ್ಲ. ಅದೇ ತೊಂದರೆ.

ಎರಡನೆಯ ಸ್ಟ್ಯಾಂಡನ್ನೂ ಹಲಗೆಯ ಮೇಲೆ ಕೊಟ್ಟು ಬಿಟ್ಟಿದ್ದ ಕಾರು ಆ ದಿನದಿಂದ ಹಾಗೇ ಇತ್ತು, ಸೈಲೆನ್ಸರ್ ಅರ್ಧ ಕಳಚಿಕೊಂಡು. ಮುಟ್ಟುವ ಮನಸ್ಸು ಯಾರಿಗೂ ಇರಲಿಲ್ಲ. ನಾಲ್ಕನೆಯ ದಿನ ತಾಂಡೇಲರು ಜೋಳಿಗೆಯ ಕೈ ಎದೆಗೆ ಹಿಡಿದು ಬಂದು, ನನ್ನ ಬಕೆಟ್ಟಿನ ಮೇಲೆ ಕೂತರು. ಆ ಬಕೆಟ್ಟು ಎರಡು ವರ್ಷದಿಂದ ನನ್ನದಾಗಿತ್ತು. ನಾನು ನಿಂತೇ ಇದ್ದೆ.

"ಇವತ್ತು ನೀವು ಹೋಗಿ" ಎಂದರು.

ಸ್ಟ್ಯಾಂಡುಗಳ ಅಡಿಗೆ ಹಲಗೆ ಸರಿಯಾಗಿ ಕೂತಿದೆಯೇ ಎಂದು ನೋಡಿದೆ. ಪಿನ್ನು ನೋಡಿದೆ. ಚಕ್ರಗಳ ಅಡ್ಡ ನೋಡಿದೆ. ಕಾರಿನ ಬೆನ್ನಿಗೆ ಎರಡೂ ಕೈ ಕೊಟ್ಟು ಅಲುಗಾಡಿಸಿದೆ. ಇನ್ನೊಮ್ಮೆ ಎಂದರು. ಅಲುಗಾಡಿಸಿದೆ. ಮತ್ತೂ ಒಮ್ಮೆ ಎಂದರು. ಮೈಯ ಭಾರವನ್ನೆಲ್ಲ ಹಾಕಿ ನೂಕಿದೆ. ಕಾರು ಸ್ಪ್ರಿಂಗಿನ ಮೇಲೆ ತೂಗಿ ಸುಮ್ಮನಾಯಿತು. ಬೆನ್ನಿನ ಮೇಲೆ ಮಲಗಿ, ನನ್ನ ಸ್ವಂತ ಕಾರಿನ ಕೆಳಗೆ ಮೊದಲ ಸಲ ಹೋದೆ.

ಮರಳಿನಲ್ಲಿ ಅವರ ಹೆಗಲಿಗಾಗಿ ತೋಡಿದ ಗುಂಡಿ ಹಾಗೆಯೇ ಇತ್ತು. ಬೇರೆ ಕಡೆ ಜಾಗವಿರಲಿಲ್ಲ. ನನ್ನ ಹೆಗಲು ಅದರಲ್ಲೇ ಇಳಿಯಿತು. ಕಣ್ಣಿನಿಂದ ಒಂದು ಗೇಣು ದೂರದಲ್ಲಿ ತಗಡು, ತುಕ್ಕು, ನಾನು ಎರಡು ವರ್ಷ ಹೊರಗೆ ಕೂತು ಚೆನ್ನಾಗಿದೆ ಎಂದು ಹೊಗಳಿದ ಕಪ್ಪು ಬಣ್ಣ. ಉಸಿರು ಬಿಟ್ಟರೆ ತಗಡಿಗೆ ತಾಗಿ ನನ್ನ ಮುಖಕ್ಕೇ ವಾಪಸು ಬರುತ್ತಿತ್ತು. ಈ ಜಾಗದಿಂದ ಅವರು ಇಷ್ಟು ದಿನ ತಮಾಷೆ ಮಾಡುತ್ತಿದ್ದರು.

ತುಸು ಹೊತ್ತಿನ ಮೇಲೆ ಕೇಳಿದೆ. "ಆ ಕಲ್ಲು ನಿಲ್ಲುದಿಲ್ಲ ಅಂತ ನಿಮಗೆ ಗೊತ್ತಿತ್ತಾ ತಾಂಡೇಲ್ರೇ?"

ಹೊಳೆಯ ಕಡೆಯಿಂದ ದೋಣಿ ಎಳೆಯುವವರ ಕೂಗು ಕೇಳುತ್ತಿತ್ತು.

"ತುಂಡು ಇಡ್ದೆ ನಾ ಯಾವತ್ತೂ ದೋಣಿ ಕೂರ್ಸಲಿಲ್ಲ" ಎಂದರು. ಆಮೇಲೆ, "ನಿಮಗೆ ಗೊತ್ತಿತ್ತಾ?" ಎಂದರು.

"ಗೊತ್ತಿತ್ತು" ಎಂದೆ.

ನಾನು ಕೈ ಹೊರಗೆ ಚಾಚಿ ಹದಿಮೂರರ ಪಾನಾ ಕೇಳಿದೆ. ಅವರು ಹುಡುಕಿ, ಸೀರೆಯ ಹಳೆಯ ಚಿಂದಿಯಿಂದ ಎಣ್ಣೆ ಒರೆಸಿ, ನನ್ನ ಅಂಗೈಯಲ್ಲಿಟ್ಟರು. ಆಮೇಲೆ ಸ್ಟ್ಯಾಂಡಿನ ಪಕ್ಕದ ಸಂದಿಯಲ್ಲಿ ಅವರ ಒಳ್ಳೆಯ ಕೈ ಕಾಣಿಸಿತು. ಅದು ಪಿನ್ನನ್ನು ಒಮ್ಮೆ ಮುಟ್ಟಿ ನೋಡಿ, ಅಲ್ಲೇ ಕಬ್ಬಿಣದ ಮೇಲೆ ಕೂತಿತು. ನಾನು ಬೋಲ್ಟು ಬಿಚ್ಚಿ ಹೊರಗೆ ಬರುವವರೆಗೂ ಅವರು ಅದನ್ನು ತೆಗೆಯಲಿಲ್ಲ.